ಮುಷ್ಟಿಗೆ ಹುರಿ ಕಟ್ಟುತ್ತಿದ್ದ ನಿಂಗಾಜಮ್ಮ

ಬಲು ಹಿಂದೆ, ಒಂದೂರಲ್ಲಿ, ಅಂತ ಶುರು ಮಾಡಿದ್ರೆ ಯಾವೂರು ಅಂತ ಕೇಳ್ತೀರಿ. ಕೇಳಬೇಡಿ. ಹೆಸರು ಹೇಳಿದ್ರೆ ಪಕ್ಕದೂರಿನೋರು 'ಅವಳು ನಮ್ಮೂರೋಳು' ಅಂತ ಜಗಳಕ್ಕೆ ಬರ್ತಾರೆ. ಈಗಾಗಲೇ ಮೂರು ಊರಿನೋರು ಹಾಗಂತ ಹೇಳ್ಕೊಂಡು ತಿರುಗ್ತಿದ್ದಾರೆ. ಒಂದು ಕೆರೆ ಇತ್ತು, ಕೆರೆ ಹಿಂದೆ ಒಂದೂರಿತ್ತು, ಆ ಊರಲ್ಲಿ ನಿಂಗಾಜಮ್ಮ ಅನ್ನೋ ಹೆಂಗಸಿದ್ಲು. ಅಷ್ಟು ಸಾಕು. ಎಲೆ ಅಡಿಕೆ ಹಾಕೋರು ಈಗಲೇ ಹಾಕ್ಕೊಂಡು ಕೂತ್ಕೊಳ್ಳಿ, ಮಧ್ಯದಲ್ಲಿ ಎದ್ದು ಹೋದ್ರೆ ನನಗೆ ಆಗಲ್ಲ.

ನಿಂಗಾಜಮ್ಮ ಮೂಳೆ ಕಟ್ಟೋಳು. ಅತ್ತೆಯಿಂದ ಕಲಿತ ವಿದ್ಯೆ. ಮರದಿಂದ ಬಿದ್ದೋರು, ಗಾಡಿ ಚಕ್ರಕ್ಕೆ ಕಾಲು ಕೊಟ್ಟೋರು, ಎತ್ತು ಒದ್ದು ಪಕ್ಕೆ ಮುರಿದೋರು, ಎಲ್ಲರೂ ಅವಳ ಜಗುಲಿಗೇ ಬರೋರು. ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಒತ್ತಿ ನೋಡಿ, ಇಲ್ಲಿ ಮುರಿದಿದೆ, ಇಲ್ಲಿ ಬರೀ ಉಳುಕು, ಅಂತ ಹೇಳಿಬಿಡೋಳಂತೆ. ಕಾಲು ಮುರಿದ ಒಂದು ಕೊಕ್ಕರೆಗೂ ಬಿದಿರ ದಬ್ಬೆ ಇಟ್ಟು ಕಟ್ಟು ಹಾಕಿದ್ಲಂತೆ. ಅದು ಮಾರನೇ ವರ್ಷ ಜೋಡಿ ಕರ್ಕೊಂಡು ಬಂದು ಅವಳ ಹಿತ್ತಲಲ್ಲೇ ಗೂಡು ಕಟ್ಟಿತಂತೆ. ನಾನು ನೋಡಿಲ್ಲಪ್ಪ. ಹಾಗಂತಾರೆ.

ಆ ಊರಲ್ಲಿ ವರ್ಷಕ್ಕೊಂದು ಮುಷ್ಟಿ ಕಾಳಗ ನಡೀತಿತ್ತು. ಯುಗಾದಿ ಆದ ಮಾರನೇ ದಿನ, ಹೊಸ್ತೊಡಕಿನ ದಿನ, ಕೆರೆ ನೀರು ಹಿಂದೆ ಸರಿದು ಅಂಗಳ ಗಟ್ಟಿಯಾಗಿರುತ್ತಲ್ಲ, ಅಲ್ಲಿ ಸುಣ್ಣದಲ್ಲಿ ದುಂಡಗೆ ಗೆರೆ ಎಳೆಯೋರು. ಸುತ್ತ ಹನ್ನೆರಡು ಹಳ್ಳಿ ಜನ ಸೇರೋರು. ಗೆರೆ ಒಳಗೆ ಇಬ್ಬರೇ. ಕುಸ್ತಿ ಅಲ್ಲ, ತಬ್ಬೋದಿಲ್ಲ, ಎತ್ತಿ ಹಾಕೋದಿಲ್ಲ. ಬರೀ ಗುದ್ದು. ಎರಡು ಮುಷ್ಟಿಗೂ ಸೆಣಬಿನ ಹುರಿ ಸುತ್ತಿ, ಅಕ್ಕಿ ಗಂಜಿ ಹಚ್ಚಿ ಒಣಗಿಸಿ ಕಟ್ಟೋರು. ಒಣಗಿದ ಮೇಲೆ ಆ ಹುರಿ ಕಲ್ಲು. ಅದರಲ್ಲಿ ಗುದ್ದಿದ್ರೆ ಚರ್ಮ ಸೀಳಿ ರಕ್ತ ಬರೋದು, ಹಲ್ಲು ಉದುರೋದು, ಒಬ್ಬಿಬ್ಬರಿಗೆ ಕಿವಿಯೂ ಹೋಗಿತ್ತು.

ಆ ಹುರಿ ಕಟ್ಟೋಳು ನಿಂಗಾಜಮ್ಮ. ಇಬ್ಬರ ಕೈಯನ್ನೂ ಅವಳೇ ಕಟ್ಟಬೇಕು, ಒಂದೇ ಉಂಡೆಯ ಹುರಿಯಲ್ಲಿ ಕಟ್ಟಬೇಕು. ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಮ್ಮಿ ಅನ್ನೋ ಮಾತು ಬರಬಾರದು ನೋಡಿ. ಯುಗಾದಿ ದಿನ ಬೆಳಗ್ಗೆ ಇಬ್ಬರೂ ಅವಳ ಜಗುಲಿಗೆ ಬಂದು ಕೈ ಅಳತೆ ಕೊಡೋರು. ಒಂದೊಂದೇ ಬೆರಳು ಒತ್ತಿ, ಮಣಿಕಟ್ಟು ತಿರುಗಿಸಿ, ಅಂಗೈ ಸವರಿ ನೋಡೋಳು. ಸಾಯಂಕಾಲ ದೀಪ ಹಚ್ಚೋಕೆ ಮುಂಚೆ ಚಾವಡಿಗೆ ಬಂದು, ನಾಳೆ ಗೆಲ್ಲೋನ ಹೆಸರು ಹೇಳಿ ಹೋಗೋಳು. ಒಂದೇ ಹೆಸರು, ಒಂದೇ ಸಲ. ಮೂವತ್ತು ವರ್ಷ ಹೇಳಿದ್ಲು. ಮೂವತ್ತು ವರ್ಷವೂ ಅವಳು ಹೇಳಿದೋನೇ ಗೆದ್ದನಂತೆ. ನಿಂಗಾಜಮ್ಮ ಹೇಳಿದ್ರೆ ಆಯ್ತು, ಹೊಳೆ ಬೇಕಾದ್ರೆ ಹಿಂದಕ್ಕೆ ಹರಿದೀತು, ಅವಳ ಮಾತು ಹಿಂದಕ್ಕೆ ಹೋಗಲ್ಲ ಅನ್ನೋರು.

ಇನ್ನೂ ಕೆಲವು ಕಟ್ಟಳೆ ಇದ್ವು, ಸರಿಯಾಗಿ ಕೇಳಿಸಿಕೊಳ್ಳಿ. ಅವಳು ಯಾರ ಹೆಸರು ಹೇಳಲಿಲ್ಲವೋ ಅವನು ಬೇಕಾದ್ರೆ ಅಲ್ಲೇ ಹಿಂದೆ ಸರೀಬಹುದು. ಅವನನ್ನ ಯಾರೂ ಹೇಡಿ ಅನ್ನೋ ಹಾಗಿಲ್ಲ. ಇನ್ನೊಂದು, ಗೆರೆ ಒಳಗೆ ಏಟು ತಡೆಯೋಕಾಗದೆ ಸಾಕು ಅನ್ನಿಸಿದೋನು ಬಾಯಲ್ಲಿ ಸೋತೆ ಅನ್ನಬೇಕಾಗಿಲ್ಲ. ಗೆರೆಯಂಚಿಗೆ ನಿಂಗಾಜಮ್ಮ ಕೂತಿರ್ತಿದ್ಲಲ್ಲ, ಅವಳ ಹತ್ತಿರ ಹೋಗಿ ಎರಡೂ ಕೈ ನೀಡಬೇಕು. ಅವಳು ಹುರಿ ಬಿಚ್ಚೋಳು. ಕೈ ಬಿಚ್ಚಿಸಿಕೊಂಡ ಅಂದ್ರೆ ಸೋತ ಅಂತ. ತಮಟೆಯ ಗತ್ತು ಬದಲಾದಾಗಲೆಲ್ಲ ಒಂದು ಸುತ್ತು ಅಂತ ಲೆಕ್ಕ, ಕೈ ಬಿಚ್ಚೋ ತನಕ ತಮಟೆ ನಿಲ್ಲೋ ಹಾಗಿಲ್ಲ. ತಮಟೆ ಬಡೀತಿರೋ ತನಕ ಅವಳು ತುಟಿ ಪಿಟಕ್ ಅನ್ನೋ ಹಾಗಿಲ್ಲ, ಬೇರೆ ಯಾವ ನರಪಿಳ್ಳೆಯೂ ಗೆರೆ ದಾಟೋ ಹಾಗಿಲ್ಲ.

ಹೀಗಿರೋವಾಗ ಒಂದು ವರ್ಷ ಹೊಂಬಯ್ಯ ಊರಿಗೆ ವಾಪಸು ಬಂದ.

ಹೊಂಬಯ್ಯ ಯಾರು ಅಂದ್ರೆ, ಅದೇ ಊರಿನ ಮಗ. ಇಪ್ಪತ್ತು ತುಂಬೋಕೆ ಮುಂಚೆ ಆ ಕೆರೆಯಂಗಳದಲ್ಲಿ ಮೂರು ವರ್ಷ ಗೆದ್ದು, ದೊರೆಗಳ ಪಟ್ಟಣಕ್ಕೆ ಹೋಗಿ ಅರಮನೆ ಜಟ್ಟಿ ಆದೋನು. ಅಲ್ಲಿ ಹನ್ನೊಂದು ವರ್ಷ ಸೋಲಲಿಲ್ಲವಂತೆ. ಒಂದೇ ಗುದ್ದಿಗೆ ತೆಂಗಿನಕಾಯಿ ಒಡೀತಿದ್ದ ಅಂತಾರೆ. ಸಿಪ್ಪೆ ಸಮೇತ ಅಂತಾರೆ ಇನ್ನು ಕೆಲವರು, ಅದು ಸ್ವಲ್ಪ ಜಾಸ್ತಿಯಾಯ್ತು ಬಿಡಿ. ಬಲಗೈಗೆ ದೊರೆ ಕೊಟ್ಟ ಬೆಳ್ಳಿ ಕಡಗ ಹಾಕ್ಕೊಂಡು, ಹೆಂಡತಿ ಜೊತೆ ಗಾಡಿ ಇಳಿದಾಗ ಊರೆಲ್ಲ ಆರತಿ ತಗೊಂಡು ಓಡಿತು. ಯಾಕೆ ಬಂದೆಯಪ್ಪಾ ಅಂದೋರಿಗೆ ಊರ ನೀರು ಕುಡಿಯೋ ಆಸೆ ಆಯ್ತು ಅಂದನಂತೆ.

ಆ ಹೊತ್ತಿಗೆ ಊರ ಗರಡಿಮನೆಯ ಉಸ್ತಾದ್ ತೀರಿಕೊಂಡು ಆರು ತಿಂಗಳಾಗಿತ್ತು. ಈ ಹೊಸ್ತೊಡಕಿನಲ್ಲಿ ಗೆದ್ದೋನಿಗೇ ಗರಡಿ ಅಂತ ಪಟೇಲರು ತೀರ್ಮಾನ ಮಾಡಿದ್ರು. ಗರಡಿ ಅಂದ್ರೆ ಬರೀ ಮಣ್ಣಿನ ಅಂಕಣ ಅಲ್ಲ. ಅದಕ್ಕೊಂದು ಮನೆ, ಊರ ಮೇಲೆ ವರ್ಷದ ಕಾಳು, ಸಾಯೋ ತನಕ ಮರ್ಯಾದೆ. ಹೊಂಬಯ್ಯ ಕೈ ಎತ್ತಿದ. ಅವನ ಎದುರಿಗೆ ನಿಲ್ಲೋಕೆ ಹನ್ನೆರಡು ಹಳ್ಳಿಯಲ್ಲಿ ಒಬ್ಬ ಗಂಡಸೂ ಇರಲಿಲ್ಲ. ಒಬ್ಬನನ್ನ ಬಿಟ್ಟು.

ಅವನೇ ಮರಿಸಿದ್ದ. ಸುಣ್ಣದ ಗೂಡಿನಲ್ಲಿ ಕಲ್ಲು ಸುಡೋನು. ಇವನ ವಿಷಯ ಏನು ಹೇಳೋದು! ಸಂತೇಲಿ ಜಗಳ, ಬಾವಿಕಟ್ಟೇಲಿ ಜಗಳ, ಹೆಂಡದಂಗಡೀಲಿ ಜಗಳ. ಹೋಗಲಿ ಅಂತ ಒಂದು ಮದುವೆಗೆ ಕರೆದ್ರೆ ಗಂಡಿನ ಕಡೆಯೋರು ಹೆಣ್ಣಿನ ಕಡೆಯೋರು ಇಬ್ಬರಿಗೂ ಹೊಡೆದು, ಉಂಡು ಬಂದಿದ್ದನಂತೆ. ಒಂದು ಪಟ್ಟು ಗೊತ್ತಿಲ್ಲ, ವರಸೆ ಗೊತ್ತಿಲ್ಲ. ಇವನು ಬಂದ್ರೆ ಮಣ್ಣು ಕೆಡುತ್ತೆ ಅಂತ ಗರಡಿಯೋರು ಬಾಗಿಲಲ್ಲೇ ಓಡಿಸಿದ್ರು. ಅವನವ್ವ ದಿನಾ ಯಾರದಾದ್ರೂ ಮನೆ ಮುಂದೆ ನಿಂತು ಮಗನ ಪರವಾಗಿ ಕ್ಷಮೆ ಕೇಳೋಳು. ಇಂಥೋನು ಚಾವಡಿಗೆ ಬಂದು, ಹೊಂಬಯ್ಯಣ್ಣನ ಎದುರಿಗೆ ನಾನು ನಿಲ್ತೀನಿ ಅಂದ. ಜನ ಬಿದ್ದೂ ಬಿದ್ದೂ ನಕ್ಕರು. ಆದ್ರೆ ಇನ್ನೊಬ್ಬ ಗತಿ ಇರಲಿಲ್ಲವಲ್ಲ, ಒಪ್ಪಿದ್ರು.

ಯುಗಾದಿ ಬಂತು. ಬೆಳಗ್ಗೆ ಮೊದಲು ಬಂದೋನು ಮರಿಸಿದ್ದ. ನಿಂಗಾಜಮ್ಮ ಅವನ ಕೈ ತಗೊಂಡು ಮಡಿಲಲ್ಲಿಟ್ಟುಕೊಂಡ್ಲು. ಸುಣ್ಣ ತಿಂದ ಕೈ, ಬೆರಳ ಸಂದಿಯೆಲ್ಲ ಬಿರುಕು, ಬಿರುಕಲ್ಲಿ ರಕ್ತ. ಅಳತೆ ಆಮೇಲಾಗಲಿ ಅಂತ ಹರಳೆಣ್ಣೆ ಕಾಯಿಸಿ ತಂದು ಒಂದೊಂದೇ ಬಿರುಕಿಗೆ ಸವರಿದ್ಲು. ಊರೆಲ್ಲ ಗುದ್ದಿ ಬಂದೋನು, ಕೂತ ಕಡೆ ಅಲ್ಲಾಡಲಿಲ್ಲವಂತೆ. ತನ್ನ ಕೈಯನ್ನ ಯಾರಾದ್ರೂ ಹೀಗೆ ಹಿಡ್ಕೊಳ್ಳೋದು ಅವನಿಗೆ ಅಭ್ಯಾಸ ಇರಲಿಲ್ಲ. ನಿಂಗಾಜಮ್ಮನಿಗೆ ಆ ಕೈಯಲ್ಲಿ ಬಲ ಸಿಕ್ತು, ಅಂಕೆ ಸಿಗಲಿಲ್ಲ. ಹೊಂಬಯ್ಯನ ಮುಂದೆ ಇದು ನಡೆಯಲ್ಲ ಬಿಡು ಅಂದುಕೊಂಡ್ಲು. ಬೇವು ಬೆಲ್ಲ ಕೊಟ್ಟು ಕಳಿಸಿದ್ಲು.

ಆಮೇಲೆ ಹೊಂಬಯ್ಯ ಬಂದ. ಆಹಾ, ಅವನ ಕೈ! ಒಂದೊಂದು ಗೆಣ್ಣೂ ಅಳೆದು ಮಾಡಿದ ಹಾಗೆ. ನಿಂಗಾಜಮ್ಮನಿಗೆ ಹೆಮ್ಮೆ ಆಯ್ತು, ಹದಿನಾರನೇ ವಯಸ್ಸಲ್ಲಿ ಆ ಹೆಬ್ಬೆರಳು ಕೂರಿಸಿದೋಳು ಅವಳೇ. ಹಬ್ಬದ ದಿನ ಅಲ್ವಾ ಅಂತ ಅವನಿಗೂ ಬೇವು ಬೆಲ್ಲ ನೀಡಿದ್ಲು. ಅವನು ಕೈ ಚಾಚಿದ. ಕೈ ಎರಡು ಬೆರಳಷ್ಟು ಈಚೆಗೇ ನಿಂತು ಗಾಳಿ ಹಿಡೀತು. ತಕ್ಷಣ ಸರಿ ಮಾಡ್ಕೊಂಡು ಈಸ್ಕೊಂಡ, ನಕ್ಕ. ಬೇರೆ ಯಾರಾದ್ರೂ ಆಗಿದ್ರೆ ಗಮನಕ್ಕೇ ಬರ್ತಿರಲಿಲ್ಲ. ನಿಂಗಾಜಮ್ಮ ಮಾತಾಡ್ತಾ ಮಾತಾಡ್ತಾ ಅವನ ಎಡಗಡೆಗೆ ಕೈ ತಗೊಂಡು ಹೋಗಿ, ಕಣ್ಣಿನ ಹತ್ತಿರ ಬೆರಳು ಆಡಿಸಿದ್ಲು. ರೆಪ್ಪೆ ಬಡೀಲಿಲ್ಲ.

ಹಿತ್ತಲಿಗೆ ಬಾ ಅಂತ ಕರ್ಕೊಂಡು ಹೋದ್ಲು. ಎಷ್ಟು ದಿನದಿಂದ ಆ ಕಣ್ಣಿಲ್ಲ ಅಂತ ನೇರವಾಗಿ ಕೇಳಿದ್ಲು.

ಹೊಂಬಯ್ಯ ಮೊದಲು ಬುರುಡೆ ಬಿಟ್ಟ, ಆಮೇಲೆ ಸಿಟ್ಟು ಮಾಡಿದ, ಆಮೇಲೆ ಅಲ್ಲೇ ಒರಳುಕಲ್ಲಿನ ಮೇಲೆ ಕೂತು ಅತ್ತ. ಒಂದೂವರೆ ವರ್ಷ ಆಯ್ತಂತೆ. ಅಭ್ಯಾಸದಲ್ಲಿ ಬಿದ್ದ ಏಟು, ಎಡಗಣ್ಣು ಮೆಲ್ಲಗೆ ಕಪ್ಪಾಯಿತಂತೆ. ಅರಮನೆಯೋರಿಗೆ ಗೊತ್ತಾಗಿ ಕಡಗ ಕೊಟ್ಟು ಕೈ ಮುಗಿದು ಕಳಿಸಿದ್ರಂತೆ. ಹೆಂಡತಿಗೂ ಹೇಳಿಲ್ಲ. ಉಳಿದಿರೋದು ಒಂದು ಕಣ್ಣು, ಅದರಲ್ಲೇ ನಾಳೆ ನಿಲ್ತೀನಿ ಅಂದ.

ನಿಂಗಾಜಮ್ಮ ಬೈದ್ಲು. ಜ್ವರ ಅಂತ ಹೇಳಿ ಮಲಕ್ಕೋ, ನಾನೇ ಕಷಾಯ ಕಾಯಿಸಿ ಕೊಡ್ತೀನಿ, ಯಾರಿಗೂ ಅನುಮಾನ ಬರಲ್ಲ ಅಂದ್ಲು. ಅವನು ಒಪ್ಪಲಿಲ್ಲ. ಗುದ್ದೋದು ಬಿಟ್ಟು ನನಗೇನೂ ಬರಲ್ಲ, ನೇಗಿಲು ಹಿಡಿದು ಗೊತ್ತಿಲ್ಲ, ಅಪ್ಪ ಬಿಟ್ಟುಹೋದ ಹೊಲ ಇಲ್ಲ, ಗರಡಿ ಸಿಕ್ಕಿದ್ರೆ ಬದುಕಿದೆ, ಇಲ್ಲದಿದ್ರೆ ಇಲ್ಲ ಅಂದ. ಆರತಿ ಎತ್ತಿದ ಜನದ ಮುಂದೆ ಸುಣ್ಣದ ಗೂಡಿನೋನಿಗೆ ಹೆದರಿ ಮಲಗಿದ ಅನ್ನಿಸಿಕೊಳ್ಳಲಾ, ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂದ. ಕೊನೆಗೆ ಅವಳ ಕಾಲು ಹಿಡ್ಕೊಂಡ. ಸಾಯಂಕಾಲ ನನ್ನ ಹೆಸರು ಹೇಳಿಬಿಡಜ್ಜೀ, ನಿನ್ನ ಮಾತು ಕೇಳಿದ ಮೇಲೆ ಎದುರಾಳಿಗೆ ಅರ್ಧ ಜೀವ ಹೋಗುತ್ತೆ, ಮಿಕ್ಕ ಅರ್ಧ ನಾನು ನೋಡ್ಕೋತೀನಿ ಅಂದ.

ಇದು ನಿಜ ನೋಡಿ. ಅವಳಿಗೂ ಗೊತ್ತಿದ್ದ ನಿಜ. ಮೂವತ್ತು ವರ್ಷದಲ್ಲಿ ಹತ್ತು ವರ್ಷನಾದ್ರೂ ಕೈಗಿಂತ ಮಾತೇ ಗೆದ್ದಿತ್ತು. ಅವಳು ಹೆಸರು ಹೇಳದೋನು ರಾತ್ರಿಯಿಡೀ ನಿದ್ದೆ ಕೆಟ್ಟು, ಬೆಳಗ್ಗೆ ಸೋತ ಮುಖ ಹೊತ್ತುಕೊಂಡೇ ಬರೋನು. ಆದ್ರೆ ಮರಿಸಿದ್ದ ಹಾಗಲ್ಲ. ಯಮ ಬಂದು ನಾಳೆ ನೀನು ಸಾಯ್ತೀಯ ಅಂದ್ರೂ, ಬಾ ಅದಕ್ಕೂ ಮುಂಚೆ ನಿನಗೆ ಎರಡು ಬಿಡ್ತೀನಿ ಅನ್ನೋ ಜಾತಿ ಅದು. ಅವನ ಬಲಗೈ ಬೀಸು ಹೊಂಬಯ್ಯನ ಎಡಗಣ್ಣಿನ ಕಡೆಯಿಂದಲೇ ಬರುತ್ತೆ. ಇವನಿಗೆ ಕಾಣಲ್ಲ. ಒಂದು ಬೀಳುತ್ತೆ, ಎರಡು ಬೀಳುತ್ತೆ, ಮೂರನೇದು ಇರೋ ಕಣ್ಣಿಗೇ ಬೀಳುತ್ತೆ. ಗಂಜಿ ಹಾಕಿ ಒಣಗಿಸಿದ ಹುರಿ ಕಣ್ಣಿಗೆ ಬಿದ್ರೆ ಆಮೇಲೆ ಕಟ್ಟೋಕೆ ಮೂಳೆ ಅಲ್ಲ ಅದು.

ಸಾಯಂಕಾಲ ಚಾವಡಿ ಕಿಕ್ಕಿರಿದಿತ್ತು. ಹೇಳೋದೇನಿದೆ, ಗೊತ್ತಿರೋದೇ ಅಂತ ಜನ ಹೋಳಿಗೆ ಉಂಡ ಹೊಟ್ಟೆ ಸವರಿಕೊಂಡು ಕೂತಿದ್ರು. ನಿಂಗಾಜಮ್ಮ ಬಂದ್ಲು, ಕಂಬ ಹಿಡಿದು ನಿಂತ್ಲು. ಮರಿಸಿದ್ದ ಗೆಲ್ತಾನೆ, ಮೂರನೇ ಸುತ್ತಿಗೆ, ಅಂದ್ಲು.

ಚಾವಡಿಯಲ್ಲೆಲ್ಲ ಹೋ ಅಂತ ನಗು. ಅಜ್ಜಿಗೆ ಅರವತ್ತಕ್ಕೆ ಅರಳುಮರುಳು ಅಂದ ಒಬ್ಬ. ಹಬ್ಬದ ಬೇವು ಜಾಸ್ತಿ ತಿಂದಿದ್ದಾಳೆ ಅಂದ ಇನ್ನೊಬ್ಬ. ಪಟೇಲರು ಗೌರವಸ್ಥರು, ಇನ್ನೊಂದು ಸಲ ಯೋಚನೆ ಮಾಡಿ ಹೇಳಮ್ಮ ಅಂದ್ರು. ಅವಳು ಅಲ್ಲಾಡಲಿಲ್ಲ. ನನ್ನ ಮಾತು ಸುಳ್ಳಾದ್ರೆ ನಾಳೆಯಿಂದ ಈ ಕೈಗೆ ಯಾರೂ ಕೈ ಕೊಡಬೇಡಿ, ನಾನೂ ಮುಟ್ಟಲ್ಲ, ಅಂದ್ಲು. ಮೂಳೆ ಕಟ್ಟೋಳ ಬಾಯಲ್ಲಿ ಅದು ಸಣ್ಣ ಮಾತಲ್ಲ. ಹೇಳಿದ್ಲು, ಹೊಂಬಯ್ಯನ ಕಡೆ ತಿರುಗಿ ಕಾದ್ಲು. ಹಿಂದೆ ಸರಿಯೋಕೆ ಕಟ್ಟಳೆ ಇತ್ತಲ್ಲ. ನಿನ್ನ ಮಾತಿಗೆ ತಲೆ ಬಾಗ್ತೀನಜ್ಜಿ ಅಂತ ಒಂದು ಮಾತು ಅಂದು ಎದ್ದು ಹೋಗಲಿ ಅಂತಲೇ ಅವಳು ಆ ಬಾಗಿಲು ತೆಗೆದಿಟ್ಟಿದ್ದು. ಹೊಂಬಯ್ಯ ಎದ್ದ. ಕಡಗ ಮೇಲಕ್ಕೆ ಸರಿಸಿ ತೊಡೆ ತಟ್ಟಿದ. ಜನ ಕೇಕೆ ಹಾಕಿದ್ರು. ಅಯ್ಯೋ ಮುಟ್ಠಾಳ, ಅಂತ ಮನಸ್ಸಲ್ಲೇ ಅಂದುಕೊಂಡು ನಿಂಗಾಜಮ್ಮ ಮನೆಗೆ ಹೋದ್ಲು.

ಹೊಸ್ತೊಡಕಿನ ದಿನ ಮಧ್ಯಾಹ್ನ, ಬಾಡೂಟ ಮುಗಿಸಿ ಹನ್ನೆರಡು ಹಳ್ಳಿ ಜನ ಕೆರೆಯಂಗಳಕ್ಕೆ ಬಂದ್ರು. ನಿಂಗಾಜಮ್ಮ ಹುರಿ ಉಂಡೆ ತರಲಿಲ್ಲ. ತನ್ನ ಒಂದು ಹಳೇ ನೂಲಿನ ಸೀರೆ ತಂದಿದ್ಲು. ನೂರಾರು ಸಲ ಒಗೆದು ಬೆಣ್ಣೆ ಹಾಗೆ ಆಗಿದ್ದ ಸೀರೆ. ಅವಳಿಗಿದ್ದಿದ್ದೇ ಎರಡು, ಒಂದು ಉಟ್ಟಿದ್ಲು. ಜನರ ಎದುರಿಗೇ ಸೆರಗಿನಿಂದ ಪರ್ ಪರ್ ಅಂತ ಹರಿದು ಪಟ್ಟಿ ಮಾಡಿದ್ಲು. ಇದರಲ್ಲೇ ಕಟ್ಟೋದು, ಇಬ್ಬರಿಗೂ, ಅಂದ್ಲು.

ಗಲಾಟೆ ಎದ್ದಿತು. ಇದೇನು ಮುಷ್ಟಿ ಕಾಳಗವೋ, ಕೂಸಿಗೆ ಕಟ್ಟೋ ತೊಟ್ಟಿಲೋ ಅಂದ್ರು. ರಕ್ತ ಬರದ ಮೇಲೆ ನೋಡೋದೇನು, ಮನೆಗೆ ಹೋಗಿ ಬೆಕ್ಕಿನ ಜಗಳ ನೋಡ್ತೀವಿ ಅಂದ್ರು. ನಿಂಗಾಜಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತ್ಲು. ಕಟ್ಟೋದು ನಾನು, ಯಾತರಲ್ಲಿ ಕಟ್ಟಬೇಕು ಅನ್ನೋದು ನನ್ನ ಕಟ್ಟಳೆ, ನಿಮಗೆ ಅಷ್ಟು ರಕ್ತ ಬೇಕಿದ್ರೆ ನೀವೇ ಒಬ್ಬರ ಮೂಗು ಒಬ್ಬರು ಕಚ್ಚಿಕೊಳ್ಳಿ ಅಂದ್ಲು. ಪಟೇಲರು ತಲೆ ಆಡಿಸಿದ್ರು. ಮರಿಸಿದ್ದ ಹಲ್ಲು ಬಿಟ್ಟುಕೊಂಡು ಕೈ ನೀಡಿದ. ಹೊಂಬಯ್ಯ ನೀಡುವಾಗ ಅವಳ ಮುಖ ನೋಡಿದ. ಯಾಕೆ ಅಂತ ಅವನೊಬ್ಬನಿಗೇ ಅರ್ಥ ಆಯ್ತು.

ತಮಟೆ ಬಡಿದ್ರು.

ಮೊದಲನೇ ಸುತ್ತು ಏನು ಹೇಳ್ತೀರಿ! ಹೊಂಬಯ್ಯನ ಕಾಲು ನೆಲದ ಮೇಲೆ ಇತ್ತೋ ಇಲ್ಲವೋ. ಮರಿಸಿದ್ದ ಗಾಣದೆತ್ತಿನ ಹಾಗೆ ಸುತ್ತುತ್ತಾ ಗಾಳಿಗೆ ಗುದ್ದಿದ್ದೇ ಗುದ್ದಿದ್ದು. ಇವನು ಸರಿದು ಒಂದು, ಬಗ್ಗಿ ಒಂದು, ಪಕ್ಕೆಗೆ ಒಂದು. ಮರಿಸಿದ್ದ ಎರಡು ಸಲ ಕೂತ, ಎರಡು ಸಲವೂ ನಕ್ಕೊಂಡು ಎದ್ದ. ಎರಡನೇ ಸುತ್ತೂ ಹಾಗೇ. ಜನ ಹೊಂಬಯ್ಯ, ಹೊಂಬಯ್ಯ ಅಂತ ಕೂಗ್ತಾ, ನಡುನಡುವೆ ನಿಂಗಾಜಮ್ಮನ ಕಡೆ ತಿರುಗಿ ಅಣಕಿಸಿದ್ರು. ಅಜ್ಜೀ, ನಾಳೆಯಿಂದ ಕೈಗೆ ಏನು ಕೆಲಸ ಅಂದ್ರು. ಅವಳು ಮಾತಾಡೋ ಹಾಗಿರಲಿಲ್ಲ. ಎಲೆ ಅಡಿಕೆ ಜಗೀತಾ ಕೂತಿದ್ಲು, ಮಾತು ಸುಳ್ಳಾಗಲಿ ಅಂತ ಹುಟ್ಟಿದ ಮೇಲೆ ಮೊದಲನೇ ಸಲ ಕೇಳ್ಕೊಂಡ್ಲಂತೆ. ತನ್ನ ವಿದ್ಯೆ ಹೋದ್ರೂ ಹೋಗಲಿ, ಅವನ ಕಣ್ಣು ಉಳೀಲಿ ಅಂತ.

ಆದ್ರೆ ಹೊಡೆದಾಡಿ ಬೆಳೆದೋನ ಕಣ್ಣು ಬೇರೆ. ವರಸೆ ಗೊತ್ತಿಲ್ಲದಿದ್ರೂ ಮರಿಸಿದ್ದನಿಗೆ ಮನುಷ್ಯ ಗೊತ್ತಿದ್ದ. ತಾನು ಆ ಪಕ್ಕಕ್ಕೆ ಸರಿದಾಗಲೆಲ್ಲ ಈ ಅಣ್ಣ ಕತ್ತು ತಿರುಗಿಸೋ ಬದಲು ಇಡೀ ಮೈ ತಿರುಗಿಸ್ತಾನೆ, ಯಾಕೆ? ಮೂರನೇ ಸುತ್ತಿಗೆ ತಮಟೆ ಗತ್ತು ಬದಲಾದ ಕೂಡಲೇ ಅದೇ ಪಕ್ಕಕ್ಕೆ ಸರಿದು ಬಲಗೈ ಬೀಸಿದ. ಧಪ್ ಅಂತ ಕಪಾಳಕ್ಕೆ ಬಿತ್ತು. ಹೊಂಬಯ್ಯ ಮಂಡಿಯೂರಿದ. ಎದ್ದ. ಇನ್ನೊಂದು ಅಲ್ಲಿಗೇ ಬಿತ್ತು. ಮೂರನೇದಕ್ಕೆ ಹೊಂಬಯ್ಯ ಹೆದರಿ ಪೂರ್ತಿ ಆ ಕಡೆಗೇ ತಿರುಗಿದ, ಮರಿಸಿದ್ದನ ಎಡಗೈ ಗುದ್ದು ನೆಟ್ಟಗೆ ಬಂದು ಇದ್ದ ಒಂದು ಕಣ್ಣಿನ ಮೇಲೆ ಕೂತಿತು.

ಹುರಿ ಆಗಿದ್ರೆ ಅವತ್ತೇ ಮುಗೀತಿತ್ತು. ಹಳೇ ಸೀರೆ ಆದ್ದರಿಂದ ಕಣ್ಣು ಒಡೀಲಿಲ್ಲ, ಊದಿತು. ನೋಡ್ತಾ ನೋಡ್ತಾ ಬದನೆಕಾಯಿ ಹಾಗೆ ಊದಿ ಮುಚ್ಚಿಕೊಂಡಿತು. ಈಗ ಹೊಂಬಯ್ಯನಿಗೆ ಎರಡೂ ಕಣ್ಣಿಲ್ಲ.

ಅವನು ನಿಂತ. ಗುದ್ದಿದ, ಗಾಳಿಗೆ ಗುದ್ದಿದ. ಮರಿಸಿದ್ದ ಹಿಂದೆ ಇದ್ದ, ಇವನು ಮುಂದೆ ಜನರ ಕಡೆ ಗುದ್ದುತ್ತಿದ್ದ. ನಗಬೇಕೋ ಬೇಡವೋ ಜನಕ್ಕೆ ತಿಳೀಲಿಲ್ಲ. ಗುದ್ದಿ ಗುದ್ದಿ ಸಾಕಾಗಿ, ಹನ್ನೊಂದು ವರ್ಷ ಅರಮನೆಯಲ್ಲಿ ಸೋಲದೋನು, ಎರಡೂ ಕೈ ಮುಂದಕ್ಕೆ ನೀಡಿದ. ಬಿಚ್ಚು ಅಂತ. ಆದ್ರೆ ನಿಂಗಾಜಮ್ಮ ಕೂತಿದ್ದಿದ್ದು ಮೂಡಲಿಗೆ. ಅವನು ನೀಡಿದ್ದು ಪಡುವಲಿಗೆ, ಬರೀ ಕೆರೆ ಕಡೆಗೆ. ಅಲ್ಲಿ ಯಾರೂ ಇರಲಿಲ್ಲ. ನೀಡಿಕೊಂಡು ಹಾಗೇ ಕಾದ. ಯಾರೂ ಕೈ ಮುಟ್ಟಲಿಲ್ಲ. ಕಾಲಲ್ಲಿ ನೆಲ ತಡವಿಕೊಂಡು ಒಂದು ಹೆಜ್ಜೆ ಇಟ್ಟ, ಆ ಕಡೆ ತಿರುಗಿದ, ಈ ಕಡೆ ತಿರುಗಿದ. ಏಟು ಬೀಳದ ಎಡಗಣ್ಣು ತೆರೆದೇ ಇತ್ತು, ಆದ್ರೂ ಅವನಿಗೆ ದಾರಿ ಕಾಣ್ತಿಲ್ಲ. ಆಗ ಹನ್ನೆರಡು ಹಳ್ಳಿಗೂ ಗೊತ್ತಾಯ್ತು, ಇದು ಇವತ್ತಿನ ಒಂದು ಏಟಿಗೆ ಹೋದ ಕಣ್ಣಲ್ಲ ಅಂತ. ಅವನ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಅತ್ಲು.

ತಮಟೆ ಇನ್ನೂ ಬಡೀತಿತ್ತು. ಕೈ ಬಿಚ್ಚೋ ತನಕ ಅದು ನಿಲ್ಲೋ ಹಾಗಿಲ್ಲ. ನಿಂಗಾಜಮ್ಮ ಇಲ್ಲಿ ಬಾರೋ ಮಗನೇ ಅನ್ನೋ ಹಾಗಿಲ್ಲ, ಯಾರೂ ಗೆರೆ ದಾಟೋ ಹಾಗಿಲ್ಲ. ಗೆರೆ ಒಳಗಿದ್ದೋನು ಇನ್ನೊಬ್ಬನೇ. ಹಿಂದಿನಿಂದ ಮರಿಸಿದ್ದ ಮುಷ್ಟಿ ಬಿಗಿದು ಬಂದ. ಹೊಡಿ ಅಂತ ಯಾವನೋ ಕೂಗಿದ. ಕೈ ಬಿಚ್ಚಿಸಿಕೊಳ್ಳೋ ತನಕ ಹೊಡೀಬಹುದು, ಅದೂ ಕಟ್ಟಳೆಯೇ. ಇನ್ನೊಂದು ಬಿಟ್ಟಿದ್ರೆ ಬೀಳೋನು, ಗರಡಿ ಇವನದೇ.

ಮರಿಸಿದ್ದ ಹತ್ತಿರ ಬಂದು ನಿಂತ. ನೀಡಿದ್ದ ಆ ಎರಡು ಕೈ ನೋಡಿದ. ಆಮೇಲೆ ಮುಷ್ಟಿ ಸಡಿಲಿಸಿ, ಹೊಂಬಯ್ಯನ ಮಣಿಕಟ್ಟು ಹಿಡ್ಕೊಂಡ. ಹೊಂಬಯ್ಯ ಏಟು ಬಿತ್ತು ಅಂತ ಬೆಚ್ಚಿದ. ಇವನು ಬಿಡಲಿಲ್ಲ. ಕೊಂಡ ಹಾಯೋರನ್ನ ಹಿರಿಯರು ಕರ್ಕೊಂಡು ಬರೋ ಹಾಗೆ, ಮೆಲ್ಲಗೆ, ತಗ್ಗು ಬಂದಲ್ಲಿ ತಡೆದು, ಗೆರೆ ಉದ್ದಕ್ಕೂ ನಡೆಸಿಕೊಂಡು ಬಂದ. ನಿಂಗಾಜಮ್ಮನ ಮುಂದೆ ಕೂರಿಸಿದ. ಹೊಂಬಯ್ಯನ ಕೈ ತಗೊಂಡು ಅವಳ ಮಡಿಲಲ್ಲಿಟ್ಟ. ಆಮೇಲೆ ತಾನೂ ಪಕ್ಕದಲ್ಲಿ ಕೂತು ತನ್ನ ಎರಡು ಕೈಯನ್ನೂ ನೀಡಿದ.

"ಅಜ್ಜೀ, ಮೊದಲು ಅಣ್ಣಂದು ಬಿಚ್ಚು," ಅಂದ.

ನಿಂಗಾಜಮ್ಮ ಬಿಚ್ಚಿದ್ಲು. ಕಣ್ಣಲ್ಲಿ ನೀರು ತುಂಬಿ ಗಂಟು ಕಾಣದೆ ಹಲ್ಲಲ್ಲಿ ಕಚ್ಚಿ ಬಿಚ್ಚಿದ್ಲಂತೆ. ಮೊದಲು ಹೊಂಬಯ್ಯನದು, ಆಮೇಲೆ ಮರಿಸಿದ್ದನದು. ತಮಟೆ ನಿಂತಿತು.

ಆಮೇಲೆ ಶುರುವಾಯ್ತು ನೋಡಿ ಪಂಚಾಯ್ತಿ. ಇಬ್ಬರೂ ಕೈ ನೀಡಿದ್ರು, ಹಾಗಾದ್ರೆ ಇಬ್ಬರೂ ಸೋತ್ರು ಅಂದ್ರು ಕೆಲವರು. ಗೆದ್ದೋನೇ ಇಲ್ಲ, ಅಜ್ಜಿ ಮಾತು ಸುಳ್ಳಾಯ್ತು ಅಂದ್ರು ಇನ್ನು ಕೆಲವರು. ಈಗ ಅವಳಿಗೆ ಬಾಯಿತ್ತು. ಕಣ್ಣೊರೆಸಿಕೊಂಡು ಎದ್ದು, ಯಾವನೋ ಅವನು ಸುಳ್ಳಾಯ್ತು ಅಂದೋನು, ಮುಂದೆ ಬಾ ಅಂದ್ಲು. ಒಬ್ಬನೂ ಬರಲಿಲ್ಲ. ಮರಿಸಿದ್ದ ಗೆದ್ದ, ಮೂರನೇ ಸುತ್ತಿಗೆ ಗೆದ್ದ, ಗೆಲುವು ಅಂದ್ರೆ ಏನು ಅಂತ ಗೊತ್ತಿಲ್ಲದಿದ್ರೆ ಮನೆಗೆ ಹೋಗಿ ನಿಮ್ಮ ಅವ್ವಂದಿರನ್ನ ಕೇಳಿ ಅಂದ್ಲು. ಹೊಂಬಯ್ಯನೂ ಕೂತಲ್ಲಿಂದಲೇ ಕಡಗ ಬಿಚ್ಚಿ, ಪಕ್ಕದಲ್ಲಿ ತಡವಿ, ಮರಿಸಿದ್ದನ ಕೈಗೆ ಹಾಕಿದ. ಮಾತು ಮುಗೀತು.

ಪಟೇಲರು ಗರಡಿ ಬೀಗದ ಕೈ ತಂದು ಮರಿಸಿದ್ದನ ಮುಂದೆ ಹಿಡಿದ್ರು. ನನಗೆ ಬರೋದು ಹೊಡೆಯೋದೊಂದೇ, ಅದನ್ನ ಕಲಿಸಿದ್ರೆ ಊರಲ್ಲಿ ಒಂದು ಹಲ್ಲೂ ಉಳಿಯಲ್ಲ, ಅಣ್ಣನೇ ಕಲಿಸಲಿ, ಮೊದಲನೇ ಶಿಷ್ಯ ನಾನು, ಆದ್ರೆ ಬಾಗಿಲಲ್ಲಿ ಯಾರೂ ತಡೀಬಾರದು ಅಂದ. ನಿಂಗಾಜಮ್ಮ ಹದಿನಾರು ದಿನ ಹೊಂಬಯ್ಯನ ಕಣ್ಣಿಗೆ ನಂದಬಟ್ಟಲ ಹೂವಿನ ರಸ ಹಾಕಿ ತಣ್ಣನೆ ಪಟ್ಟು ಕಟ್ಟಿದ್ಲು. ಹದಿನೇಳನೇ ದಿನ ಅವನು ಕಣ್ಣು ಬಿಟ್ಟು, ಹೆಂಡತಿ ಮುಖ ನೋಡಿ, ನೀನು ಇಷ್ಟು ಬಡವಾಗಿದ್ದೀಯಲ್ಲೇ ಅಂದನಂತೆ. ಮೂವತ್ತು ವರ್ಷ ಗರಡಿ ನಡೆಸಿದ. ಅವನ ಎಡಗಡೆಗೆ ಮರಿಸಿದ್ದ ನಿಂತಿರ್ತಿದ್ದ. ಆ ಪಕ್ಕದಿಂದ ನೊಣ ಬಂದ್ರೂ ಹೇಳೋನಂತೆ.

ನಿಂಗಾಜಮ್ಮ ಆಮೇಲೂ ಬಹಳ ವರ್ಷ ಹೆಸರು ಹೇಳಿದ್ಲು, ಒಂದೂ ತಪ್ಪಲಿಲ್ಲ. ಅವಳ ಹೆಮ್ಮೆಗೇನೂ ಕಮ್ಮಿ ಇರಲಿಲ್ಲ. ಆದ್ರೆ ಮುದುಕಿಯಾಗಿ ಹಾಸಿಗೆ ಹಿಡಿದಾಗ ಯಾರೋ ಕೇಳಿದ್ರಂತೆ, ಅಜ್ಜೀ, ಆ ವರ್ಷ ಎಲ್ಲ ನಿನಗೆ ಮೊದಲೇ ಗೊತ್ತಿತ್ತಾ ಅಂತ. ಹೊಂಬಯ್ಯ ಸೋಲೋದು ಗೊತ್ತಿತ್ತು, ಅವನು ಬೇವು ಬೆಲ್ಲ ಈಸ್ಕೊಳ್ಳುವಾಗಲೇ ಗೊತ್ತಾಯ್ತು ಅಂದ್ಲು. ಆದ್ರೆ ಆ ಗೂಡಿನ ಹುಡುಗ ಅವನ ಕೈ ಹಿಡೀತಾನೆ ಅಂತ ಮಾತ್ರ ಗೊತ್ತಿರಲಿಲ್ಲ ಕಣಪ್ಪಾ ಅಂದ್ಲು. ನಾನೇ ಆ ಕೈಗೆ ಎಣ್ಣೆ ಸವರಿದ್ದೆ, ಒಂದೊಂದು ಬೆರಳೂ ಒತ್ತಿ ನೋಡಿದ್ದೆ, ಅದೊಂದು ನನಗೆ ಸಿಗಲೇ ಇಲ್ಲ, ಅಂತ ಹೇಳಿ ಅತ್ಲಂತೆ.

ಈಗಲೂ ಆ ಊರಲ್ಲಿ ಹೊಸ್ತೊಡಕಿನ ಕಾಳಗ ನಡೆಯುತ್ತೆ. ಸೆಣಬಿನ ಹುರಿ ಮುಟ್ಟೋರಿಲ್ಲ. ಊರಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸು ಉಟ್ಟು ಹಳತು ಮಾಡಿದ ಸೀರೆ ಕೊಡ್ತಾಳೆ, ಅದನ್ನ ಹರಿದೇ ಕಟ್ಟೋದು. ನಮ್ಮ ಸೀರೆ ತಗೊಳ್ಳಿ ಅಂತ ಮುದುಕಿಯರಲ್ಲಿ ಜಗಳವೂ ಆಗುತ್ತೆ. ಆಟ ಮುಗಿದ ಮೇಲೆ ಗೆದ್ದೋನು ಸೋತೋನ ಮಣಿಕಟ್ಟು ಹಿಡಿದು, ಗೆರೆ ಉದ್ದಕ್ಕೂ ನಡೆಸಿಕೊಂಡು ಬಂದು ಕೂರಿಸಬೇಕು. ಮೊದಲು ಸೋತೋನ ಕೈ ಬಿಚ್ಚಬೇಕು. ಹೋದ ವರ್ಷವೋ ಅದರ ಹಿಂದಿನ ವರ್ಷವೋ ಒಬ್ಬ ಧಡಿಯ, ಗೆದ್ದ ಸಂತೋಷಕ್ಕೆ ಅದನ್ನ ಮರೆತು ಗೆಳೆಯರ ಹೆಗಲೇರಿ ಕುಣಿದನಂತೆ. ತಮಟೆ ನಿಲ್ಲಿಸಲಿಲ್ಲ. ಜನ ಎದ್ದು ಹೋಗಲಿಲ್ಲ. ಸೋತೋನು ಗೆರೆ ನಡುವೆ ಎರಡು ಕೈ ನೀಡಿಕೊಂಡು ನಿಂತೇ ಇದ್ದ. ಕುಣಿಯೋನು ಕುಣಿದು ಕುಣಿದು, ಆಮೇಲೆ ಸುತ್ತ ಒಬ್ಬನೂ ನಗ್ತಿಲ್ಲ ಅನ್ನೋದು ಕಂಡು, ಹೆಗಲಿಂದ ಇಳಿದು, ತಲೆ ತಗ್ಗಿಸಿಕೊಂಡು ಬಂದು ಅವನ ಕೈ ಹಿಡ್ಕೊಂಡ.